ಪುಟ್ಟಿಯ ಹಿಂದೆ ತಗಡಿಲ್ಲ

ಮೇ 9, ಮಂಗಳವಾರ

ವ್ಯಾನ್ ತಪಾಸಣೆಯಲ್ಲಿ ಫೇಲಾಯಿತು. ಸುಮ್ಮನೆ ಫೇಲಾಗಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಪ್ರತಿ ವರ್ಷ ನೋಡುತ್ತಿದ್ದ ಮುದುಕ ನಿವೃತ್ತನಾಗಿದ್ದಾನೆ. ಈ ಸಲ ಇದ್ದವಳು ಒಬ್ಬ ಹೊಸ ಹುಡುಗಿ. ವ್ಯಾನನ್ನು ಮೇಲೆತ್ತಿ ಅಡಿಯಲ್ಲಿ ನಿಂತು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬಂದಳು. ಟಣ್ ಎನ್ನಬೇಕಾದಲ್ಲೆಲ್ಲ ಧಪ್ ಎಂದಿತು. ಒಂದು ಕಡೆ ಸುತ್ತಿಗೆಯ ಮೂತಿ ಒಳಗೇ ಹೋಯಿತು. ಆಮೇಲೆ ವ್ಯಾನ್ ಇಳಿಸಿ, ಹಿಂದಿನ ಸೀಟಿನ ಬೆಲ್ಟ್ ಹಿಡಿದು ಜಗ್ಗಿದಳು. ಬೆಲ್ಟ್ ಬೋಲ್ಟ್ ಸಮೇತ ಅವಳ ಕೈಗೆ ಬಂತು. ಬೋಲ್ಟಿನ ಸುತ್ತ ಮುಷ್ಟಿಯಷ್ಟು ಪುಟ್ಟಿ, ಬಿರುಕು ಮುಚ್ಚಲು ಮೆತ್ತುವ ಹಿಟ್ಟು.

"ಇಲ್ಲಿ ಯಾರು ಕೂರ್ತಾರೆ ಮಿಸೆಸ್ ಮಾಸಪ್?" ಎಂದು ಕೇಳಿದಳು.

"ನನ್ನ ಮೊಮ್ಮಗಳು."

ಅವಳು ಬೋಲ್ಟನ್ನು ನನ್ನ ಅಂಗೈಯಲ್ಲಿಟ್ಟಳು. "ಈ ಕೆಲಸ ಯಾರು ಮಾಡಿದ್ದು?" ಎಂದಳು.

"ಎದುರುಮನೆಯವರು. ತುಂಬಾ ಒಳ್ಳೆಯವರು," ಎಂದೆ. ಆಗಲೂ ಹೊಗಳಿದೆ! ನನ್ನ ನಾಲಗೆಗೆ ಏನು ಬಂದಿದೆ?

ರಸ್ತೆಗೆ ಇಳಿಸುವ ಹಾಗಿಲ್ಲ ಎಂದು ಬರೆದುಕೊಟ್ಟರು. ಲಾರಿಯ ಮೇಲೆ ಹೇರಿಸಿಕೊಂಡು ಮನೆಗೆ ತಂದೆ. ಎದುರುಮನೆಯ ವಿಲ್ಫ್ ತಮ್ಮ ಗೇಟಿನಲ್ಲೇ ನಿಂತಿದ್ದರು. "ಏನಾಯ್ತು ಹುಡುಗಿ?" ಎಂದು ಕೂಗಿದರು. ನನಗೆ ಅರವತ್ತಾರು, ಆದರೂ ಅವರಿಗೆ ನಾನು ಹುಡುಗಿ. "ಏನೋ ಸಣ್ಣದು," ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮೇ 11, ಗುರುವಾರ

ಬೆಳಿಗ್ಗೆಯಿಂದ ವ್ಯಾನಿನ ಒಳಗಿದ್ದೆ. ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ವ್ಯಾನ್ ಅದು. ಹಾಸು ಕಿತ್ತೆ, ಮಂಚದ ಹಲಗೆ ಕಿತ್ತೆ, ಒಲೆಯ ಪೆಟ್ಟಿಗೆ ಕಿತ್ತೆ. ವ್ಯಾನಿನ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಹೊಸ್ತಿಲನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಬಿಳಿ ಬಣ್ಣ, ಅದರ ಕೆಳಗೆ ಗುಲಾಬಿ ಪುಟ್ಟಿ, ಅದರ ಕೆಳಗೆ ಗಾರೆ ನಿಲ್ಲಲೆಂದು ಗೋಡೆಗೆ ಬಡಿಯುವ ತಂತಿ ಜಾಲರಿ, ಅದರ ಹಿಂದೆ ತುರುಕಿದ ಹಳೇ ಪೇಪರು. ತಗಡು ಎಂಬುದೇ ಇಲ್ಲ. ಇದ್ದದ್ದು ಹಿಡಿ ತುಕ್ಕಿನ ಪುಡಿ.

ವಿಲ್ಫ್ ಫಿಯರನ್ ಸುಮಾರು ಐವತ್ತು ವರ್ಷ ಮನೆಗಳಿಗೆ ಗಾರೆ ಮಾಡಿದ ಮನುಷ್ಯ. ನಮ್ಮ ಮೇರಿಪೋರ್ಟಿನ ಅರ್ಧ ಊರಿನ ಗೋಡೆಗಳು ಅವರ ಕೈಯಿಂದ ಬಂದವು. ನನ್ನ ವ್ಯಾನನ್ನೂ ಅವರು ಗೋಡೆಯ ಹಾಗೇ ಕಟ್ಟಿದ್ದಾರೆ. ಮೇಲ್ಮೈ ಎಷ್ಟು ನುಣುಪು ಎಂದರೆ ಕೈಯಾಡಿಸಿದರೆ ಹೊಸ ಗಾಡಿ. ಏಳು ವರ್ಷ, ಪ್ರತಿ ಏಪ್ರಿಲ್‌ನಲ್ಲಿ, ಕೇಳದಿದ್ದರೂ ಬಂದು ಮಂಡಿಯೂರಿ ಕೂತು ಉಜ್ಜಿ ಬಣ್ಣ ಹೊಡೆದು, ಅಡಿಗೆ ಡಾಂಬರಿನಂಥ ಕಪ್ಪು ಬಳಿದು ಕೊಡುತ್ತಿದ್ದರು. ಆ ಕಪ್ಪನ್ನು ಕೆರೆದು ನೋಡುವ ಅಧಿಕಾರ ತಪಾಸಣೆಯವರಿಗಿಲ್ಲ, ಹಾಗಾಗಿ ಪಾಸು. ನಾನು ಪ್ರತಿ ಏಪ್ರಿಲ್‌ನಲ್ಲೂ ಒಂದು ಡಬ್ಬಿ ಹಣ್ಣಿನ ಕೇಕ್ ಕೊಡುತ್ತಿದ್ದೆ. ನನ್ನ ಮೊಮ್ಮಗಳನ್ನು ಪುಟ್ಟಿಗೆ ಕಟ್ಟಿಹಾಕಿದ್ದಕ್ಕೆ ಕೇಕ್!

ಮೇ 14, ಭಾನುವಾರ

ಲಿಂಡ್ಸೆ ಬಂದಿದ್ದಳು. ಮಗಳಿಂದ ಮುಚ್ಚಿಡಬಾರದು ಎಂದು ಆ ಬೋಲ್ಟನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಅವಳು ಅದನ್ನು ಎತ್ತಿ, ತಿರುಗಿಸಿ, ಕೆಳಗಿಟ್ಟು, ಕೈ ಒರೆಸಿಕೊಂಡಳು.

"ಅಮ್ಮಾ, ಫ್ರೇಯಾ ಇನ್ನು ಆ ವ್ಯಾನ್ ಹತ್ತಲ್ಲ."

"ಆಗಸ್ಟ್ ಅಷ್ಟೊತ್ತಿಗೆ ಸರಿ ಮಾಡಿಸ್ತೀನಿ ಕಣೇ."

"ಹೋದ ವರ್ಷವೂ ನೀನು ಸರಿಯಾಗಿದೆ ಅಂದಿದ್ದೆ. ಆ ಬೆಲ್ಟಲ್ಲಿ ಅವಳು ಸ್ಕಾಟ್ಲೆಂಡಿಗೆ ಹೋಗಿ ಬಂದಳು. ಒಂಬೈನೂರು ಮೈಲಿ!"

ಫ್ರೇಯಾಗೆ ಮೂರು ವರ್ಷವಾದಾಗಿನಿಂದ ಆಗಸ್ಟಿನ ಎರಡು ವಾರ ನಮ್ಮಿಬ್ಬರದು. ನಾಲ್ಕು ಆಗಸ್ಟ್ ಆಗಿವೆ. ಉಳಿದ ಐವತ್ತು ವಾರ ನಾನು ಕಾಯುವುದು ಅದಕ್ಕೇ. ಮಗಳ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ, ಅವಳು ಹೇಳಿದ್ದು ಸರಿ. ಸಿಟ್ಟೆಲ್ಲ ಎದುರುಮನೆಯ ಕಡೆಗೇ ಹೋಯಿತು.

ಎರಡು ಗ್ಯಾರೇಜಿಗೆ ಕೇಳಿದ್ದೇನೆ. ಸೆಪ್ಟೆಂಬರಿಗೆ ಮೊದಲು ಆಗುವುದಿಲ್ಲವಂತೆ.

ಮೇ 20, ಶನಿವಾರ

ಇವತ್ತು ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡುತ್ತೇನೆ.

ಪಕ್ಕದ ಮನೆಯ ಬೆರಿಲ್ ಚಹಾಕ್ಕೆ ಬಂದಳು. ಅಂಗಳದಲ್ಲಿ ಬಿಚ್ಚಿ ಹರಡಿದ ವ್ಯಾನ್ ನೋಡಿ, "ಅಯ್ಯೋ ನೊರೀನ್, ವಿಲ್ಫ್ ಮಾಡಿದ ಮೇಲೆ ನೀನು ಕಾಕರ್ಮತ್‌ನ ಗ್ಯಾರೇಜಿಗೆ ತಗೊಂಡು ಹೋಗ್ತಿರ್ಲಿಲ್ವಾ?" ಎಂದಳು.

"ಯಾಕೆ ತಗೊಂಡು ಹೋಗ್ಲಿ?"

"ಎಲ್ರೂ ಹಾಗೇ ಅಲ್ವೇನೇ ಮಾಡೋದು? ವಿಲ್ಫ್ ಮಾಡ್ತಾರೆ, ನಾವು ಥ್ಯಾಂಕ್ಸ್ ಹೇಳಿ ಕೇಕ್ ಕೊಡ್ತೀವಿ, ಮುಂದಿನ ವಾರ ಗ್ಯಾರೇಜಿನವನ ಹತ್ರ ಸದ್ದಿಲ್ಲದೆ ಮತ್ತೆ ಮಾಡಿಸ್ಕೋತೀವಿ."

ಕಥೆ ಹೀಗೆ. ಹದಿಮೂರು ವರ್ಷದ ಹಿಂದೆ ಕೆಲಸ ಬಿಟ್ಟ ಮೇಲೆ ವಿಲ್ಫ್ ಮಂಕಾಗಿ ಕೂತುಬಿಟ್ಟಿದ್ದರಂತೆ. ಅವರ ಹೆಂಡತಿ ಎಡ್ನಾ ಮನೆಮನೆಗೂ ಬಂದು, ಇವರಿಗೆ ಏನಾದರೂ ಕೆಲಸ ಕೊಡಿ, ಇಲ್ಲದಿದ್ದರೆ ಇವರು ಉಳಿಯುವುದಿಲ್ಲ ಎಂದು ಕೇಳಿಕೊಂಡಳಂತೆ. ಬೀದಿಯವರೆಲ್ಲ ತಮ್ಮ ಕಾರು ಕೊಟ್ಟರು; ಆಮೇಲೆ ಮತ್ತೆ ಮಾಡಿಸಿಕೊಳ್ಳುವುದು ಎಡ್ನಾಗೂ ಗೊತ್ತಿತ್ತಂತೆ. ಎಡ್ನಾ ತೀರಿಕೊಂಡ ಮರುವರ್ಷ ನಾನು ಈ ಬೀದಿಗೆ ಬಂದೆ. ನನಗೆ ಯಾರೂ ಹೇಳಲಿಲ್ಲ.

"ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ," ಎಂದಳು ಬೆರಿಲ್. "ಅದೂ ಅಲ್ದೆ, ಅಂಥದ್ದನ್ನ ಬಾಯಿಬಿಟ್ಟು ಹೇಗೇ ಹೇಳೋದು?"

ಹನ್ನೊಂದು ಮನೆ. ಹನ್ನೊಂದು ಮನೆಯವರೂ ಕಿಟಕಿಯಿಂದ ನೋಡಿದ್ದಾರೆ, ನಾನು ಮಗುವನ್ನು ಆ ಸೀಟಿಗೆ ಕಟ್ಟಿ, ಕೈ ಬೀಸಿ ಹೊರಟಿದ್ದನ್ನು. ಇವರೂ ತಿರುಗಿ ಕೈ ಬೀಸಿದ್ದಾರೆ.

ಬೆರಿಲ್‌ಗೆ ಏನಾದರೂ ಹೇಳಬೇಕಿತ್ತು. ಇನ್ನೊಂದು ಬಿಸ್ಕತ್ತು ಬೇಕಾ ಎಂದು ಕೇಳಿದೆ.

ಜೂನ್ 3, ಶನಿವಾರ

ವರ್ಕಿಂಗ್ಟನ್ನಿನಲ್ಲಿ ಶನಿವಾರದ ವೆಲ್ಡಿಂಗ್ ತರಗತಿಗೆ ಸೇರಿದೆ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳಿಗೆ ಬೆಂಕಿಯ ಭಯವಿಲ್ಲ. ಬೇರೆಯವರ ಕೈಕೆಲಸ ನಂಬುವುದು ಸಾಕಾಗಿದೆ.

ಕಲಿಸುವವನು ಡಂಕನ್, ಹಡಗುಕಟ್ಟೆಯಲ್ಲಿ ದುಡಿದವನು, ಸುಟ್ಟ ತೋಳು, ಸಣ್ಣ ದನಿ. ಮೊದಲ ತಗಡಿನಲ್ಲಿ ತೂತು ಬಿದ್ದಿತು. ಎರಡನೆಯದರಲ್ಲೂ ಬಿದ್ದಿತು.

"ತಗಡಿನ ಮೇಲೆ ಯಾಕ್ರೀ ಇಷ್ಟು ಸಿಟ್ಟು?" ಎಂದ.

"ತಗಡಿನ ಮೇಲಲ್ಲ," ಎಂದೆ.

"ಹಾಗಾದ್ರೆ ಯಾರ ಮೇಲೋ ಅವರನ್ನ ಹೊರಗೆ ಬಿಟ್ಟು ಬನ್ನಿ. ಕೈ ನಡುಗಿದ್ರೆ ತೂತು ಬೀಳುತ್ತೆ."

ಜೂನ್ 10, ಶನಿವಾರ

ಮತ್ತೆ ತೂತು. ಮತ್ತೆ ತೂತು. ಊಟದ ಹೊತ್ತಿಗೆ ಒಂದು ಇಂಚು ಬೆಸುಗೆಯ ಹೊಲಿಗೆ ನೆಟ್ಟಗೆ ಕೂತಿತು. ಆ ಚೂರನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ.

ಜೂನ್ 15, ಗುರುವಾರ

ಡಂಕನ್ ತನ್ನ ಹಳೇ ವೆಲ್ಡಿಂಗ್ ಯಂತ್ರವನ್ನು ಕೊಟ್ಟಿದ್ದಾನೆ. ಅಂಗಳದಲ್ಲಿ ವ್ಯಾನಿನ ಹೊಸ್ತಿಲು ಕತ್ತರಿಸುತ್ತಿದ್ದೆ. ವಿಲ್ಫ್ ಗೋಡೆಯಾಚೆ ಬಂದು ನಿಂತರು.

"ನಾನೇ ಎರಡು ಗಂಟೇಲಿ ಮಾಡ್ಕೊಡ್ತಿದ್ನಲ್ಲ ಹುಡುಗಿ. ಇಷ್ಟೆಲ್ಲ ಕಿತ್ತು ಹಾಕಿದ್ದೀಯ, ಯಾಕೆ?"

"ಹೊಸದೇನಾದ್ರೂ ಕಲಿಯೋಣ ಅಂತ," ಎಂದೆ.

ಮುಖ ಸ್ವಲ್ಪ ಸಪ್ಪಗಾಯಿತು. ಆದರೂ ಅರ್ಧ ಗಂಟೆ ಬಿಟ್ಟು ತಮ್ಮ ಹಿತ್ತಲಿನ ರೂಬಾರ್ಬ್ ದಂಟು ಒಂದು ಕಟ್ಟು ತಂದುಕೊಟ್ಟರು. ನಗುನಗುತ್ತಾ ತೆಗೆದುಕೊಂಡೆ. ಸಕ್ಕರೆ ಹಾಕಿ ಬೇಯಿಸಿದೆ, ತಿಂದೆ. ಇಷ್ಟು ಸಿಟ್ಟಿನಲ್ಲೂ ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಜೂನ್ 21, ಬುಧವಾರ

ಹೇಳಿಬಿಟ್ಟೆ.

ಹದಿನಾಲ್ಕನೇ ನಂಬರ್ ಮನೆಗೆ ಹೊಸದಾಗಿ ಬಂದ ಗಂಡಹೆಂಡಿರು ರೋರಿ ಮತ್ತು ಝೋಯಿ. ನಾಲ್ಕು ತಿಂಗಳ ಕೂಸು. ಅವರೂ ಒಂದು ಹಳೇ ವ್ಯಾನ್ ತಂದಿದ್ದಾರೆ. ಬೆಳಿಗ್ಗೆ ಹಾಲು ತರಲು ಹೋದರೆ, ವಿಲ್ಫ್ ಅದರ ಪಕ್ಕ ಮಂಡಿಯೂರಿ, ಪುಟ್ಟಿ ಡಬ್ಬಿ ತೆರೆದು ಕೂತಿದ್ದಾರೆ. ಝೋಯಿ ಕೂಸನ್ನು ಎತ್ತಿಕೊಂಡು, ಎಂಥಾ ಒಳ್ಳೆಯವರು ಇವರು ಎಂಬ ಮುಖ ಮಾಡಿ ನಿಂತಿದ್ದಾಳೆ. ಅದು ನನ್ನದೇ ಮುಖ, ಏಳು ವರ್ಷದ ಹಿಂದಿನದು.

ಬೆರಿಲ್ ತನ್ನ ಗೇಟಿನಿಂದ ಪಿಸುಗುಟ್ಟಿದಳು: "ನಾನು ಆಮೇಲೆ ಆ ಹುಡುಗಿಗೆ ಮೆಲ್ಲಗೆ ಹೇಳ್ತೀನಿ ಬಿಡೇ."

"ನನಗೆ ಹೇಳಿದ ಹಾಗಾ?" ಎಂದೆ. ಅದು ಪಿಸುಮಾತಾಗಿರಲಿಲ್ಲ.

ರಸ್ತೆ ದಾಟಿದೆ. "ವಿಲ್ಫ್, ಏಳಿ. ನನ್ನ ಜೊತೆ ಬನ್ನಿ," ಎಂದೆ.

"ಪುಟ್ಟಿ ಗಟ್ಟಿಯಾಗುತ್ತೆ ಕಣಮ್ಮ."

"ಆಗ್ಲಿ."

ನನ್ನ ಅಂಗಳಕ್ಕೆ ಕರೆತಂದೆ. ವ್ಯಾನಿನ ಎಡಗಡೆ ನಾನಿನ್ನೂ ಮುಟ್ಟಿರಲಿಲ್ಲ, ಅವರ ಕೆಲಸ ಹಾಗೇ ಹೊಳೆಯುತ್ತಿತ್ತು. "ಹೆಬ್ಬೆಟ್ಟಿನಿಂದ ಒತ್ತಿ," ಎಂದೆ. ಒತ್ತಿದರು. "ಜೋರಾಗಿ ಒತ್ತಿ." ಹೆಬ್ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು. ಅವರು ಅದನ್ನು ತಕ್ಷಣ ಹೊರತೆಗೆಯಲಿಲ್ಲ.

ಬೋಲ್ಟ್ ತಂದು ಅವರ ಇನ್ನೊಂದು ಅಂಗೈಯಲ್ಲಿಟ್ಟೆ. "ಇದು ಫ್ರೇಯಾ ಬೆಲ್ಟಿಂದು. ಕೈಯಲ್ಲಿ ಎಳೆದ್ರೆ ಬಂತು. ನಿಮ್ಮ ಪುಟ್ಟಿ ಹಿಂದೆ ತಗಡೇ ಇಲ್ಲ ವಿಲ್ಫ್. ಗೋಡೆ ಹಿಂದೆ ಇಟ್ಟಿಗೆ ಇರುತ್ತೆ, ಇಲ್ಲಿ ಏನಿದೆ? ನನ್ನ ಮಗು ಸಾಯ್ತಿತ್ತು."

ಬಣ್ಣಗೆಟ್ಟರು. ಬೋಲ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನಾನು ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಬೇರೆಯವರ ಕಾರುಗಳು?"

"ಎಲ್ಲಾ ಕಾಕರ್ಮತ್‌ಗೆ ಹೋಗಿ ಮತ್ತೆ ಮಾಡಿಸ್ಕೊಂಡು ಬರ್ತವೆ. ಮೊದಲಿನಿಂದ್ಲೂ."

"ಯಾರ್ಯಾರಿಗೆ ಗೊತ್ತಿತ್ತು?"

"ಎಲ್ರಿಗೂ."

"ಎಡ್ನಾಗೆ?"

ಇದಕ್ಕೆ ಸುಳ್ಳು ಹೇಳಬಹುದಿತ್ತು. ಹೌದು ಎಂದೆ.

ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು. ಪುಟ್ಟಿ ಡಬ್ಬಿ ರಸ್ತೆಯಲ್ಲೇ ಬಿದ್ದಿತ್ತು. ಇಷ್ಟು ದಿನ ಇದನ್ನು ಹೇಳಬೇಕು ಎಂದು ಒದ್ದಾಡಿದೆ, ಹೇಳಿದ ಮೇಲೆ ನೆಮ್ಮದಿಯಾಗಬೇಕಿತ್ತು. ಆಗಿಲ್ಲ.

ಜೂನ್ 24, ಶನಿವಾರ

ತರಗತಿಗೆ ಹೋದೆ. ಆರು ಇಂಚು, ಒಂದೂ ತೂತಿಲ್ಲ.

ಬೀದಿಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಬೆರಿಲ್ ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿದ್ದಾಳೆ: "ಆ ವಯಸ್ಸಿನ ಮನುಷ್ಯನಿಗೆ ಹೀಗೆ ಮಾಡಬಾರದಿತ್ತು ನೊರೀನ್. ಅದು ದಯೆ ಅಲ್ಲ." ದಯೆಯಂತೆ! ಇವರ ದಯೆಯಲ್ಲಿ ನನ್ನ ಮೊಮ್ಮಗಳ ಕುತ್ತಿಗೆ ಮುರಿಯುತ್ತಿತ್ತು. ಚೀಟಿಯ ಹಿಂದೆ ಬೇಕಾದ ತಗಡಿನ ಅಳತೆ ಬರೆದುಕೊಂಡೆ.

ವಿಲ್ಫ್ ಮನೆಯ ಪರದೆ ನಾಲ್ಕು ದಿನದಿಂದ ಮುಚ್ಚಿದೆ.

ಜೂನ್ 28, ಬುಧವಾರ

ಪರದೆ ಮುಚ್ಚೇ ಇದೆ. ಬಾಗಿಲು ತಟ್ಟಿದೆ. "ಬದುಕಿದ್ದೀನಿ, ಹೋಗು," ಎಂದರು ಒಳಗಿಂದ. ಬಂದೆ.

ಜುಲೈ 1, ಶನಿವಾರ

ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯ ಉದ್ದಕ್ಕೂ ಕೇಕಿನ ಡಬ್ಬಿಗಳು. ಪ್ರತಿ ಮನೆಯ ಮೆಟ್ಟಿಲ ಮೇಲೂ ಆ ಮನೆಯವರು ಹದಿಮೂರು ವರ್ಷದಲ್ಲಿ ವಿಲ್ಫ್ ಅವರಿಗೆ ಕೊಟ್ಟ ಡಬ್ಬಿಗಳು, ತೊಳೆದು, ಒಂದರ ಮೇಲೊಂದು ಜೋಡಿಸಿ. ಹೂವಿನವು, ರಾಣಿಯ ಚಿತ್ರದವು, ಕ್ರಿಸ್ಮಸ್ಸಿನವು. ಬೆರಿಲ್ ಮೆಟ್ಟಿಲ ಮೇಲಂತೂ ಸೊಂಟದೆತ್ತರ. ಜನ ರಾತ್ರಿಯುಡುಪಿನಲ್ಲೇ ಹೊರಬಂದು, ಯಾರ ಮುಖವನ್ನೂ ನೋಡದೆ, ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಆ ಮುದುಕ ನಮ್ಮೆಲ್ಲರಿಗೂ ಉಗಿದ ರೀತಿ ಅದು, ನನಗೆ ಖುಷಿಯಾಯಿತು.

ನನ್ನ ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ನನ್ನವು ಏಳು ಡಬ್ಬಿ ಆಗಬೇಕು. ಅದು ಯಾಕೋ ಚುಚ್ಚಿತು.

ಜುಲೈ 5, ಬುಧವಾರ

ಬಲಗಡೆಯ ಹೊಸ್ತಿಲು ಮುಗಿಸಿದ್ದೆ. ಎರಡು ದಿನದ ಕೆಲಸ. ಕೂತು ಅದನ್ನೇ ನೋಡುತ್ತಾ ಚಹಾ ಕುಡಿಯುತ್ತಿದ್ದೆ. ವಿಲ್ಫ್ ಗೇಟು ತಳ್ಳಿಕೊಂಡು ಬಂದರು. ಗಡ್ಡ ಬೆಳೆದಿತ್ತು. ನಮಸ್ಕಾರವಿಲ್ಲ, ಹುಡುಗಿ ಎನ್ನಲಿಲ್ಲ. ಕಷ್ಟಪಟ್ಟು ಮಂಡಿಯೂರಿ, ಕನ್ನಡಕ ಏರಿಸಿ ನನ್ನ ಹೊಲಿಗೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು.

"ಕೆಟ್ಟದಾಗಿದೆ," ಎಂದರು.

"ಏನು?"

"ಪಾರಿವಾಳ ಹಿಕ್ಕೆ ಹಾಕ್ಕೊಂಡು ಹೋದ ಹಾಗಿದೆ. ಮೊದಲ ಅರ್ಧ ಪರವಾಗಿಲ್ಲ. ಆಮೇಲೆ ನಿನಗೆ ಸುಸ್ತಾಗಿದೆ, ಆದ್ರೂ ನಿಲ್ಲಿಸಿಲ್ಲ. ಇಲ್ಲಿ ಅಂಟಿಕೊಂಡೇ ಇಲ್ಲ, ಮೇಲೆ ಕೂತಿದೆ ಅಷ್ಟೇ."

ಮೈಯೆಲ್ಲ ಉರಿದುಹೋಯಿತು. "ಪುಟ್ಟಿ ಮೆತ್ತಿದವರು ನನಗೆ ಹೇಳ್ತೀರಾ?"

"ಮೆತ್ತಿದ್ದೆ. ಕೆಟ್ಟದಾಗಿದೆ ಅಂತ ಒಬ್ರಾದ್ರೂ ಹೇಳಿದ್ರಾ? ಹೇಳಿದ್ರೆ ಬಿಡ್ತಿದ್ದೆ, ಇಲ್ಲ ಕಲೀತಿದ್ದೆ. ಹದಿನಾರನೇ ವಯಸ್ಸಲ್ಲಿ ನನ್ನ ಮೇಸ್ತ್ರಿ ನಾನು ಮಾಡಿದ ಗೋಡೆ ಒದ್ದು ಬೀಳಿಸ್ದ, ಮೂರು ಸಲ. ಅದಕ್ಕೇ ಗಾರೆ ಕಲಿತೆ. ನೀವೆಲ್ಲ ಸೇರಿ ನನ್ನ ಕೈಗೆ ಆಟದ ಸಾಮಾನು ಕೊಟ್ಟು ಕೂರಿಸಿದ್ರಿ. ನನ್ನ ಹೆಂಡ್ತಿಯೂ! ಸತ್ತವಳ ಜೊತೆ ಜಗಳ ಆಡೋಕೂ ಆಗಲ್ಲ ನನಗೆ!"

ಕೊನೆಯ ಮಾತು ಇಡೀ ಬೀದಿಗೆ ಕೇಳಿಸಿರಬೇಕು. ನಾನೂ ಕೂಗಿದೆ. ಏನೆಂದು ನೆನಪಿಲ್ಲ. ಅವರು ಹೋದ ಮೇಲೆ ಉಳಿಯಿಟ್ಟು ಹೊಡೆದು ನೋಡಿದೆ. ಎರಡನೇ ಅರ್ಧ ಒಂದೇ ಏಟಿಗೆ ಕಿತ್ತು ಬಂತು.

ತಗಡು ಉಜ್ಜುವ ಗ್ರೈಂಡರ್ ಹಿಡಿದು ಎಲ್ಲ ತೆಗೆದುಹಾಕಿದೆ. ನಾಳೆ ಮತ್ತೆ.

ಜುಲೈ 12, ಬುಧವಾರ

ವಿಲ್ಫ್ ದಿನವೂ ಹತ್ತು ಗಂಟೆಗೆ ಬರುತ್ತಾರೆ. ತಗಡು ಹಿಡಿಯುತ್ತಾರೆ, ತಪ್ಪು ತೋರಿಸುತ್ತಾರೆ, ಬೈಯುತ್ತಾರೆ. ಅವರ ಚಹಾ ಕಲಗಚ್ಚು ಎಂದು ಹೇಳಿದೆ. ನನ್ನ ಕೇಕ್ ಏಳು ವರ್ಷವೂ ಒಣಗಿತ್ತು ಎಂದರು. ಅದನ್ನು ಹಕ್ಕಿಗೆ ಹಾಕಿ ಡಬ್ಬಿಯಲ್ಲಿ ಮೊಳೆ ತುಂಬಿಟ್ಟುಕೊಂಡಿದ್ದರಂತೆ, ಅದಕ್ಕೇ ವಾಪಸ್ ಕೊಡಲಿಲ್ಲವಂತೆ. ಇಂಥ ಕೃತಘ್ನ ಮನುಷ್ಯನನ್ನು ನಾನು ನೋಡಿಲ್ಲ. ಈ ಸಲ ಬೆಣ್ಣೆ ಜಾಸ್ತಿ ಹಾಕಿ ಮಾಡಬೇಕು.

ಜುಲೈ 22, ಶನಿವಾರ

ಡಂಕನ್ ಮನೆಗೇ ಬಂದು ಬೆಲ್ಟ್ ಕೂರುವ ಜಾಗ ನೋಡಿದ. ದಪ್ಪ ಉಕ್ಕಿನ ತಗಡು, ನಾಲ್ಕೂ ಕಡೆ ಹೊಲಿಗೆ, ನಾನೇ ಹಾಕಿದ್ದು, ಮೂರನೇ ಸಲದ್ದು. ಮೊದಲೆರಡನ್ನು ವಿಲ್ಫ್ ಒಪ್ಪಿರಲಿಲ್ಲ. ಡಂಕನ್ ದೊಡ್ಡ ಸುತ್ತಿಗೆ ಬೀಸಿದ. ಟಣ್ ಎಂದಿತು. "ಇದರಲ್ಲಿ ಹಡಗು ಕಟ್ಟಿಹಾಕಬಹುದು," ಎಂದ.

ಜುಲೈ 26, ಬುಧವಾರ

ಪಾಸು. ತಪಾಸಣೆಯ ಆ ಹುಡುಗಿ ಒಂದು ಗಂಟೆ ತಟ್ಟಿದಳು. ಒಂದೂ ಧಪ್ ಇಲ್ಲ.

ಕುಣಿಯುತ್ತಾ ಲಿಂಡ್ಸೆಗೆ ಫೋನ್ ಮಾಡಿದೆ. "ಅಮ್ಮಾ, ಏಳು ವರ್ಷವೂ ಪಾಸಾಗಿತ್ತಲ್ಲ," ಎಂದಳು. ಫೋನ್ ಇಟ್ಟೆ. ಒಂದು ಪಿಂಗಾಣಿ ತಟ್ಟೆ ಒಡೆದೆ, ಬೇಕೆಂದೇ.

ಜುಲೈ 30, ಭಾನುವಾರ

ಲಿಂಡ್ಸೆ ಒಬ್ಬಳೇ ಬಂದಿದ್ದಳು, ಫ್ರೇಯಾಳನ್ನು ಕಳಿಸುವುದಿಲ್ಲ ಎಂದು ಖುದ್ದಾಗಿ ಹೇಳಲು. ಹೇಳಿದಳು. ನಾನು ಚೀರಾಡಿದೆ. ಅವಳೂ ಚೀರಾಡಿದಳು. ವಿಲ್ಫ್ ಎದುರುಮನೆಯಿಂದ ಕೋಟು ಹಾಕಿಕೊಂಡು ಬಂದರು. ನಮ್ಮಿಬ್ಬರ ಕಡೆ ನೋಡದೆ ವ್ಯಾನಿನ ಬಾಗಿಲು ತೆರೆದು ಹತ್ತಿ, ಹಿಂದಿನ ಸೀಟಿನಲ್ಲಿ, ಫ್ರೇಯಾಳ ಜಾಗದಲ್ಲಿ ಕೂತು ಬೆಲ್ಟ್ ಕಟ್ಟಿಕೊಂಡರು.

"ನಡಿ," ಎಂದರು ನನಗೆ. "ಬಂದರಿನ ಹತ್ರ ಖಾಲಿ ಜಾಗಕ್ಕೆ. ಮೂವತ್ತು ಮೈಲಿ ವೇಗದಲ್ಲಿ ಓಡಿಸಿ, ನಾನು 'ಈಗ' ಅಂದಾಗ ಪೂರಾ ಬ್ರೇಕ್ ಒತ್ತು."

"ನಿಮಗೆ ಎಪ್ಪತ್ತೆಂಟು ವಿಲ್ಫ್," ಎಂದೆ.

"ಮಗುಗೆ ಏಳು. ಮೊದಲು ನಾನು."

ಲಿಂಡ್ಸೆ ಬೇಡ ಬೇಡ ಎಂದು ಕಾರಿನಲ್ಲಿ ಹಿಂದೆಯೇ ಬಂದಳು. ಬಂದರಿನ ಬಯಲಿನಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ವೇಗ ಹೆಚ್ಚಿಸಿದೆ. ಕನ್ನಡಿಯಲ್ಲಿ ಅವರ ಮುಖ ನೋಡಬಾರದೆಂದುಕೊಂಡೂ ನೋಡಿದೆ. "ಈಗ!" ಎಂದರು. ಒತ್ತಿದೆ. ಒಲೆಯ ಪೆಟ್ಟಿಗೆಯಿಂದ ಪಾತ್ರೆಗಳೆಲ್ಲ ಹಾರಿ ಬಂದವು. ಹಿಂದಿನಿಂದ ಒಂದು ನರಳಿಕೆ ಕೇಳಿಸಿತು.

"ಮತ್ತೊಂದ್ಸಲ," ಎಂದರು.

"ಸಾಕು!"

"ನಾಲ್ಕು ಆಗಸ್ಟ್ ಕೂತಿದ್ದಳು. ಇನ್ನೂ ಮೂರು ಸಲ ಇದೆ. ನಡಿ!"

ನಾಲ್ಕು ಸಲ ಒತ್ತಿದೆ. ನಾಲ್ಕು ಸಲವೂ ಬೆಲ್ಟ್ ಹಿಡಿದು ನಿಂತಿತು. ಕೊನೆಯದರ ನಂತರ ಅವರು ಇಳಿಯಲಿಲ್ಲ. ಎದೆಯ ಮೇಲಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಆ ಮಗುನ ನಾನು..." ಎಂದರು.

ಪರವಾಗಿಲ್ಲ ವಿಲ್ಫ್ ಎಂದು ನಾನು ಹೇಳಲಿಲ್ಲ. ಅದು ಪರವಾಗಿಲ್ಲದ ವಿಷಯವಾಗಿರಲಿಲ್ಲ. ಹೋಗಿ ಅವರ ಪಕ್ಕ ಕೂತೆ, ಭುಜ ಹಿಡಿದುಕೊಂಡೆ. ನಾನೂ ಅತ್ತೆ.

ಲಿಂಡ್ಸೆ ಬಾಗಿಲು ತೆರೆದು, ನಿಮಗಿಬ್ಬರಿಗೂ ತಲೆ ಕೆಟ್ಟಿದೆ ಎಂದು ಬಾಯಿಗೆ ಬಂದಂತೆ ಬೈದಳು. ಆಮೇಲೆ ಒಳಗೆ ಹತ್ತಿ, ವಿಲ್ಫ್ ಅವರ ಬೆಲ್ಟ್ ಬಿಚ್ಚಿ, ಬೋಲ್ಟಿನ ಸುತ್ತಲಿನ ಹೊಲಿಗೆಯ ಮೇಲೆ ಬೆರಳು ಇಟ್ಟು, ನಿಧಾನವಾಗಿ ಸುತ್ತ ಎಳೆದಳು. ಎರಡು ಸಲ ಎಳೆದಳು.

"ಶನಿವಾರ ಒಂಬತ್ತಕ್ಕೆ ಫ್ರೇಯಾನ ಕರ್ಕೊಂಡು ಬರ್ತೀನಿ," ಎಂದಳು. "ವಾಂತಿ ಮಾತ್ರೆ ಮರೀಬೇಡ ಅಮ್ಮಾ."